ಬೆನ್ನ ಹಿಂದಿನ ಬೆರಳುಗಳು

ಫೆಬ್ರವರಿ 4

ಪ್ರೀತಿಯ ಅಕ್ಕನಿಗೆ,

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಎಲ್ಲೆಲ್ಲಿ ಒತ್ತಕ್ಷರ ಬಿಟ್ಟಿದ್ದೇನೋ ನೀನೇ ಹಾಕಿಕೊಂಡು ಓದು. ಐದನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಸೂಜಿ ಹಿಡಿದ ಕೈಗೆ ಪೆನ್ನು ಒಗ್ಗುವುದಿಲ್ಲ. ಫೋನು ಮಾಡಬಹುದಿತ್ತು. ಆದರೆ ನಾನು ಏನು ಹೇಳಿದರೂ ನೀನು "ಆಂ? ಏನಂದೆ? ಜೋರಾಗಿ ಹೇಳೇ" ಅನ್ನುತ್ತೀಯ. ಜೋರಾಗಿ ಹೇಳಿದರೆ ಅಡುಗೆಮನೆಯಲ್ಲಿರುವ ಅತ್ತೆಗೆ ಕೇಳುತ್ತದೆ. ಇದು ಅತ್ತೆಗೆ ಕೇಳಬಾರದ ವಿಷಯ.

ಇವರು ನಮ್ಮ ಚರ್ಚಿನ ಸಭೆಯ ಆರಾಧನಾ ತಂಡದಲ್ಲಿ ಬೇಸ್ ಗಿಟಾರ್ ನುಡಿಸುವುದು ನಿನಗೆ ಗೊತ್ತೇ ಇದೆ. ವಾರವೆಲ್ಲ ಮುದ್ರಣಾಲಯದಲ್ಲಿ ಯಂತ್ರದ ಪಕ್ಕ ನಿಲ್ಲುತ್ತಾರೆ, ಗುರುವಾರ ಸಂಜೆ ಹಾಡಿನ ಅಭ್ಯಾಸಕ್ಕೆ ಹೋಗುತ್ತಾರೆ, ಭಾನುವಾರ ಬೆಳಿಗ್ಗೆ ವೇದಿಕೆ ಮೇಲಿರುತ್ತಾರೆ. ಮೊದಲು ತಂಡವನ್ನು ನಡೆಸುತ್ತಿದ್ದ ಮೇಷ್ಟರು ಊರು ಬಿಟ್ಟ ಮೇಲೆ ಈಗ ಒಬ್ಬ ನರ್ಸಮ್ಮ ಮುಂದೆ ನಿಂತು ಹಾಡಿಸುತ್ತಾರೆ. ಒಳ್ಳೆಯ ಕಂಠ. ನನ್ನ ಹಾಗೆ ಬಾಯೊಳಗೇ ಹಾಡುವುದಿಲ್ಲ.

ಮಗು ಅತ್ತರೆ ಎದ್ದು ಹೋಗಲಿ ಎಂದು ತಾಯಂದಿರಿಗೆ ಪಕ್ಕದ ಬಾಗಿಲ ಹತ್ತಿರ ಬೆಂಚು ಹಾಕಿದ್ದಾರೆ. ನಮ್ಮ ಗುಂಡಿ ಈಗ ಐದು ವರ್ಷದವಳು, ಅಳುವುದಿಲ್ಲ. ಆದರೂ ನನಗೆ ಆ ಮೂಲೆಯೇ ಹಿತ. ಅಲ್ಲಿಂದ ವೇದಿಕೆ ಅಡ್ಡವಾಗಿ ಕಾಣುತ್ತದೆ. ಎದುರಿಗೆ ಕೂತವರಿಗೆ ಕಾಣದ್ದು ಅಲ್ಲಿ ಕೂತವರಿಗೆ ಕಾಣುತ್ತದೆ.

ನರ್ಸಮ್ಮ ಸಭೆಗೆ ಮುಖಮಾಡಿ, ಕಣ್ಣು ಮುಚ್ಚಿ ಹಾಡುತ್ತಿರುತ್ತಾರೆ. ಆದರೆ ಅವರ ಎಡಗೈ ಬೆನ್ನ ಹಿಂದಿರುತ್ತದೆ. ಆ ಕೈ ಸುಮ್ಮನಿರುವುದಿಲ್ಲ. ಒಮ್ಮೆ ಎರಡು ಬೆರಳು ಎತ್ತುತ್ತದೆ, ಒಮ್ಮೆ ಮುಷ್ಟಿ ಕಟ್ಟುತ್ತದೆ, ಒಮ್ಮೆ ಕಿರುಬೆರಳನ್ನಷ್ಟೇ ಅಲ್ಲಾಡಿಸುತ್ತದೆ. ಡ್ರಮ್ಸಿನವನು ತನ್ನ ಪಾಡಿಗೆ ತಾನು ಬಡಿಯುತ್ತಾನೆ, ಕೀಬೋರ್ಡಿನ ಹುಡುಗಿ ಹಾಳೆ ನೋಡುತ್ತಾಳೆ. ಇವರು ಮಾತ್ರ ಆ ಕೈಯಿಂದ ಕಣ್ಣು ಕೀಳುವುದಿಲ್ಲ. ಆಕೆ ಆಗಾಗ ಕಿವಿಯ ಓಲೆ ಮುಟ್ಟಿಕೊಳ್ಳುತ್ತಾರೆ. ಆಗ ಇವರು ತಲೆಯಾಡಿಸುತ್ತಾರೆ.

ನನ್ನ ತಲೆಯೇ ಸರಿಯಿಲ್ಲವೋ ಏನೋ. ನೀನು ಹೇಳು. ಭಾವನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ತಂಗಿ


ಫೆಬ್ರವರಿ 13

ನನ್ನ ಪೆದ್ದು ತಂಗಿಗೆ,

ನಿನ್ನ ಅಕ್ಷರ ಚೆನ್ನಾಗಿಯೇ ಇದೆ. ನಿನ್ನ ಸಂಸಾರದ ಅಕ್ಷರವೇ ಸ್ವಲ್ಪ ಸೊಟ್ಟಗೆ ಕಾಣುತ್ತಿದೆ.

ಬೆನ್ನ ಹಿಂದೆ ಕೈಯಿಟ್ಟು ದೇವರನ್ನು ಹೊಗಳುವುದನ್ನು ನಾನು ಎಲ್ಲಿಯೂ ಕಂಡಿಲ್ಲ. ದೇವರಿಗೆ ಎರಡು ಕೈ ಎತ್ತುತ್ತಾರೆ, ಇಲ್ಲ ಎರಡು ಕೈ ಮುಗಿಯುತ್ತಾರೆ. ಒಂದು ಕೈ ಮುಂದೆ, ಒಂದು ಕೈ ಹಿಂದೆ ಅಂದರೆ ಅದು ವ್ಯಾಪಾರ.

ನಾನು ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಇಷ್ಟು ವರ್ಷ ಸವೆಸಿದ್ದೇನೆ. ಎದುರಿಗೆ ಬಂದರೆ ಗುರುತು ಸಿಗದ ಗಂಡಸರ ಅಂಗಿಗಳನ್ನು ಹೆಂಡತಿಯರಿಗಿಂತ ಚೆನ್ನಾಗಿ ಬಲ್ಲೆ. ನಿನ್ನ ಗಂಡನ ಬಟ್ಟೆಯನ್ನು ಈಗ ಯಾರು ಒಗೆಯುತ್ತಾರೆ? ನೀನೇ ಒಗೆ. ಹೊಸದು ಏನು ಬಂದಿದೆ ನೋಡು. ಆಕೆ ಇವನನ್ನು ಏನೆಂದು ಕರೆಯುತ್ತಾಳೆ? ಬ್ರದರ್ ಎಂದು ತಾನೆ? ಬ್ರದರ್ ಅಂದ ಮಾತ್ರಕ್ಕೆ ಅಣ್ಣನಾಗಿಬಿಡುತ್ತಾನೆಯೆ?

ಜಗಳ ಮಾಡಬೇಡ. ಮೊದಲು ಕಣ್ಣಿಟ್ಟು ನೋಡು. ಅಮ್ಮ ಹೇಳುತ್ತಿದ್ದಳಲ್ಲ, ಹಾಲು ಉಕ್ಕುವ ಮೊದಲು ಅಂಚಿನಲ್ಲಿ ಗುಳ್ಳೆ ಏಳುತ್ತದೆ ಎಂದು. ಗುಳ್ಳೆ ನೋಡು. ನೋಡಿ ಬರೆ.

ಅಕ್ಕ


ಮಾರ್ಚ್ 3

ಅಕ್ಕ,

ನೋಡಿದೆ. ನೋಡಬಾರದಿತ್ತು ಅನ್ನಿಸುತ್ತಿದೆ.

ಹೊಸ ಕಾಲುಚೀಲ ಬಂದಿವೆ. ಈಚೆಗೆ ಇವರು ವೇದಿಕೆ ಹತ್ತುವ ಮುಂಚೆ ಬೂಟು ಬಿಚ್ಚಿಡುತ್ತಾರೆ, ಬರೀ ಕಾಲುಚೀಲದಲ್ಲಿ ನಿಂತು ನುಡಿಸುತ್ತಾರೆ. ಯಾಕೆ ಎಂದು ಕೇಳಿದೆ. "ಹಲಗೆ ಮೇಲೆ ಹಾಗೇ ಚೆನ್ನಾಗಿರುತ್ತೆ" ಅಂದರು. ಮದುವೆಯಾಗಿ ಏಳು ವರ್ಷವಾಯಿತು, ಈಗ ಹಲಗೆಯ ಮೇಲೆ ಪ್ರೀತಿ ಬಂದಿದೆ.

ಮೊದಲು ನಮ್ಮ ಬೆಂಚಿನ ಕಡೆಯ ತುದಿಯಲ್ಲಿ ನಿಲ್ಲುತ್ತಿದ್ದರು. ನಾನು ಗುಂಡಿಯ ಕೈ ಎತ್ತಿ ಅಲ್ಲಾಡಿಸಿದರೆ ನಗುತ್ತಿದ್ದರು. ಈಗ ಆ ಕಡೆಯ ತುದಿಗೆ ಹೋಗಿದ್ದಾರೆ. ಆಕೆ ನಡುವೆ, ನಾವು ಈ ಕಡೆ.

ಇದಕ್ಕಿಂತ ಹೆಚ್ಚು ನೋಯುವ ವಿಷಯ ಇನ್ನೊಂದಿದೆ. ಇದನ್ನು ನಿನಗಷ್ಟೇ ಬರೆಯುತ್ತೇನೆ. ನಾನು ಮಾತಾಡಲು ಶುರುಮಾಡಿದರೆ ಇವರು ಮುಖ ಆಚೆಗೆ ತಿರುಗಿಸುತ್ತಾರೆ. ಎದುರೇ ಕೂತಿರುತ್ತಾರೆ, ಆದರೆ ನಾನು ಬಾಯಿ ತೆರೆದ ಕೂಡಲೇ ಗೋಡೆ ನೋಡುತ್ತಾರೆ. ನನ್ನ ಮುಖ ಅಷ್ಟು ಕೆಟ್ಟದಾಗಿದೆಯೆ? ಎಷ್ಟೋ ಸಲ ಉತ್ತರವನ್ನೂ ಕೊಡುವುದಿಲ್ಲ. ಮೊನ್ನೆ "ಉಪ್ಪು ಹೆಚ್ಚಾಯ್ತಾ?" ಅಂದೆ. "ಹೌದು ಹೌದು, ನಾಳೆ ತರ್ತೀನಿ" ಅಂದರು. ಮನಸ್ಸು ಎಲ್ಲೋ ಇದ್ದರೆ ತಾನೆ ಹೀಗಾಗುವುದು?

ಅತ್ತೆ ನೋಡಿ ನಕ್ಕರು. "ಇವನಪ್ಪನೂ ಹೀಗೇ ಕಣಮ್ಮ. ಗೋಡೆ. ಗೋಡೆ ಕಟ್ಕೊಂಡು ನಲವತ್ತು ವರ್ಷ ಬಾಳಿದೀನಿ. ನೀನು ಏಳಕ್ಕೇ ಮುಖ ಊದಿಸ್ಕೊಂಡ್ರೆ ಹೆಂಗೆ?" ಅಂದರು.

ಗುಂಡಿಯನ್ನು ಗುರುವಾರ ಅಭ್ಯಾಸಕ್ಕೆ ಕರೆದುಕೊಂಡು ಹೋಗುತ್ತಾರೆ. ಅವಳು ಮನೆಗೆ ಬಂದು ತಟ್ಟೆ ಮುಂದೆ ಕೂತು ಇವರಿಗೆ ಮುಷ್ಟಿ ತೋರಿಸುತ್ತಾಳೆ, ಎರಡು ಬೆರಳು ತೋರಿಸುತ್ತಾಳೆ. ಇಬ್ಬರೂ ನಗುತ್ತಾರೆ. "ಏನೇ ಅದು?" ಅಂದೆ. "ಅದು ತಂಡದ ಗುಟ್ಟು. ಅಮ್ಮಂಗೆ ಹೇಳ್ಬಾರ್ದು" ಅಂದಳು. ಅಂಗಿ ಗುಂಡಿಯಷ್ಟು ಮೂಗಿರುವ ಮಗು ನನ್ನ ಹತ್ತಿರ ಗುಟ್ಟು ಇಟ್ಟುಕೊಂಡಿದೆ.

ನಿನ್ನೆ ಹಾಲಿನವಳು ಹೇಳಿದಳು: "ನಿಮ್ಮ ಯಜಮಾನ್ರು ಆಸ್ಪತ್ರೆ ಗೇಟ್ ಹತ್ರ ಆ ಹಾಡೋ ಅಮ್ಮನ ಜೊತೆ ನಿಂತಿದ್ರು. ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?" ನಾನು "ಇಲ್ಲ" ಅಂದೆ. ಆಮೇಲೆ "ಹೌದು" ಅಂದೆ. ಹಾಲು ಚೆಲ್ಲಿದೆ.

ಭಾವನನ್ನು ಒಂದು ಮಾತು ಕೇಳುತ್ತೀಯಾ? ಗಂಡಸರ ವಿಷಯ ಗಂಡಸರಿಗೇ ಗೊತ್ತು. ಹೋದ ಸಲ ಭಾವನ ಬಗ್ಗೆ ನೀನು ಏನೂ ಬರೆಯಲಿಲ್ಲ.

ತಂಗಿ


ಮಾರ್ಚ್ 12

ತಂಗೀ,

ಗಂಡಸು ಕಾಲುಚೀಲ ಕೊಂಡ ಅಂದರೆ ಬೂಟು ಬಿಚ್ಚುವ ಜಾಗ ಸಿಕ್ಕಿದೆ ಎಂದರ್ಥ. ಇದಕ್ಕಿಂತ ಹೆಚ್ಚು ನಾನು ಬರೆಯಬೇಕಾಗಿಲ್ಲ.

ಮುಖ ತಿರುಗಿಸುವುದು ನನಗೆ ಗೊತ್ತು. ಮೊದಲು ಮುಖ ತಿರುಗುತ್ತದೆ, ಆಮೇಲೆ ಮೈ ತಿರುಗುತ್ತದೆ, ಕೊನೆಗೆ ಬೂಟಿನ ತುದಿ ಬಾಗಿಲ ಕಡೆ ತಿರುಗುತ್ತದೆ. ನೀನು ಇನ್ನೂ ಮೊದಲನೆಯ ಮೆಟ್ಟಿಲಲ್ಲಿದ್ದೀಯ. ಅಲ್ಲೇ ಹಿಡಿ.

ಒಬ್ಬಳೇ ಕೇಳಿದರೆ ಸುಳ್ಳು ಹೇಳುತ್ತಾನೆ. ನಿಮ್ಮ ಸಭೆಯಲ್ಲಿ ಸಾಕ್ಷಿ ಹೇಳುವ ಸಮಯ ಇರುತ್ತದೆಯಲ್ಲ, ಯಾರು ಬೇಕಾದರೂ ಎದ್ದು ದೇವರು ತಮಗೆ ಮಾಡಿದ್ದನ್ನು ಹೇಳಬಹುದು. ಆಗ ಎದ್ದು ನಿಲ್ಲು. ಎಲ್ಲರ ಮುಂದೆ ಕೇಳು. ದೇವರ ಮನೆಯಲ್ಲಿ, ಕೊರಳಿಗೆ ಗಿಟಾರ್ ಹಾಕಿಕೊಂಡು ಅವನು ಏನು ಸುಳ್ಳು ಹೇಳುತ್ತಾನೆ ನೋಡೋಣ.

ಉತ್ತರ ಸರಿಯಿಲ್ಲದಿದ್ದರೆ ಮಗುವನ್ನು ಕರೆದುಕೊಂಡು ಇಲ್ಲಿಗೆ ಬಾ. ನನ್ನ ಕೋಣೆಯಲ್ಲಿ ಜಾಗವಿದೆ. ಕಾಜಾ ಹೊಲಿಯುವವರು ಎಲ್ಲಿ ಹೋದರೂ ಬದುಕುತ್ತಾರೆ, ಅಂಗಿಗೆ ಗುಂಡಿ ಇರುವ ತನಕ.

ಅಕ್ಕ


ಮಾರ್ಚ್ 20

ಅಕ್ಕ,

ಚೀಲ ಕಟ್ಟಿ ಹೊಲಿಗೆ ಯಂತ್ರದ ಹಿಂದೆ ಇಟ್ಟಿದ್ದೇನೆ. ಮೇಲೆ ಬಟ್ಟೆಯ ತುಂಡುಗಳನ್ನು ಹೊದಿಸಿದ್ದೇನೆ. ಗುಂಡಿಯ ಎರಡು ಲಂಗ, ನನ್ನದು ಸ್ವಲ್ಪ, ಒಳ್ಳೆಯ ಕತ್ತರಿ.

ಈ ಭಾನುವಾರ ಸಾಕ್ಷಿಗೆ ಎದ್ದು ನಿಲ್ಲುತ್ತೇನೆ. ಅಂಗಡಿಯಲ್ಲಿ ಚಿಲ್ಲರೆ ಕೇಳಲೂ ನಾಚುವವಳು ನಾನು. ಹೇಗೆ ನಿಲ್ಲುತ್ತೇನೋ ಗೊತ್ತಿಲ್ಲ. ಬಟ್ಟೆ ಒಣಗಿಸುವಾಗ ಹೇಳಿ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದೇನೆ. ತಂತಿಯ ಮೇಲಿನ ಅಂಗಿಗಳಿಗೆ ನಾನು ಹೇಳುವುದೆಲ್ಲ ಬಾಯಿಪಾಠವಾಗಿದೆ.

ಒಂದು ಮಾತು. ನಿನ್ನ ಕೋಣೆಯಲ್ಲಿ ಜಾಗವಿದೆ ಅಂದೆ. ಹೋದ ವರ್ಷ ಬಂದಾಗ ನೀನೂ ಭಾವನೂ ಮಲಗಿದರೆ ಬಾಗಿಲು ತೆರೆಯಲೂ ಆಗುತ್ತಿರಲಿಲ್ಲ. ಈಗ ಜಾಗ ಎಲ್ಲಿಂದ ಬಂತು? ಭಾವನ ಮಾತು ಎರಡು ಸಲ ಎತ್ತಿದೆ. ನೀನೂ ಗೋಡೆ ನೋಡುತ್ತಿದ್ದೀಯಾ ಅಕ್ಕ?

ತಂಗಿ


ಏಪ್ರಿಲ್ 5

ತಂಗೀ,

ಭಾನುವಾರ ಕಳೆದು ಎಷ್ಟು ದಿನವಾಯಿತು. ಒಂದು ಗೆರೆ ಇಲ್ಲ. ಎದ್ದು ನಿಂತೆಯಾ? ಏನಂದ? ಬಸ್ಸು ನಿಲ್ದಾಣಕ್ಕೆ ದಿನಾ ಸಂಜೆ ಹೋಗಿ ನೋಡಿ ಬರುತ್ತಿದ್ದೇನೆ. ಫೋನು ಮಾಡಿದರೆ ನಿನ್ನ ಅತ್ತೆ ಎತ್ತಿ "ಅವಳು ಕೆಲಸದಲ್ಲಿದಾಳೆ" ಅನ್ನುತ್ತಾರೆ. ಅವರ ದನಿ ಎಂದಿನ ಹಾಗಿಲ್ಲ. ಮೆತ್ತಗಾಗಿದೆ. ನನಗೆ ಹೆದರಿಕೆಯಾಗುತ್ತಿದೆ.

ಅಕ್ಕ


ಏಪ್ರಿಲ್ 11

ತಂಗೀ,

ನೀನು ಇನ್ನೂ ನಿಂತಿಲ್ಲದಿದ್ದರೆ ನಿಲ್ಲಬೇಡ.

ನಿನ್ನ ಭಾವ ಇಲ್ಲಿಲ್ಲ. ಕಳೆದ ಚಳಿಗಾಲದಲ್ಲೇ ನನ್ನನ್ನು ಬಿಟ್ಟು ಹೋದರು. ನಿನಗೆ ಬರೆಯಲು ಪೆನ್ನು ಹಿಡಿದಾಗೆಲ್ಲ ಬೇರೆ ಏನೋ ಬರೆದೆ. ಕೋಣೆಯಲ್ಲಿ ಜಾಗವಾದದ್ದು ಹಾಗೆ. ಕಾಲುಚೀಲ, ಮುಖ, ಬೂಟಿನ ತುದಿ, ಇದೆಲ್ಲ ನಿನ್ನ ಗಂಡನದ್ದಲ್ಲ, ನನ್ನ ಗಂಡನದ್ದು. ನನ್ನ ಅಳತೆಯ ಅಂಗಿಯನ್ನು ನಿನಗೆ ತೊಡಿಸಿದೆ. ನಿನ್ನ ಗಂಡ ತಪ್ಪಿಲ್ಲದವನು ಎಂದು ನಾನು ಹೇಳುತ್ತಿಲ್ಲ. ನನಗೆ ಗೊತ್ತಿಲ್ಲ, ಅಷ್ಟೆ. ಅಷ್ಟನ್ನಾದರೂ ಮೊದಲೇ ಬರೆಯಬೇಕಿತ್ತು.

ಬರೆ. ಬೈದಾದರೂ ಬರೆ.

ಅಕ್ಕ


ಏಪ್ರಿಲ್ 19

ಅಕ್ಕ,

ನಿನ್ನ ಎರಡೂ ಕಾಗದ ಬಂದವು. ಬೈಯುವುದಿಲ್ಲ. ಬೈಯಲು ನನಗೆ ಬರುವುದಿಲ್ಲ, ಬರುತ್ತಿದ್ದರೆ ನಿನಗಿಂತ ಮೊದಲು ಬೈಸಿಕೊಳ್ಳುವವರು ಈ ಮನೆಯಲ್ಲಿ ಇದ್ದಾರೆ.

ಎದ್ದು ನಿಂತೆ. ಎರಡನೆಯ ಹಾಡು ಮುಗಿಯಿತು, ಸಭಾಪಾಲಕರು "ಸಾಕ್ಷಿ ಹೇಳೋರು ಯಾರಾದ್ರೂ ಇದೀರಾ?" ಅಂದರು. ಬೆಂಚು ಹಿಡಿದು ಎದ್ದೆ. ಪಕ್ಕದವಳು ಇನ್ನೊಬ್ಬಳಿಗೆ "ಅಯ್ಯೋ, ಮೂಗಿ ಎದ್ದಳು ನೋಡೇ" ಅಂದದ್ದು ಕೇಳಿತು. ಸಭಾಪಾಲಕರು "ಹೇಳಮ್ಮಾ, ಕರ್ತನು ನಿನಗೆ ಏನು ಮಾಡಿದ?" ಅಂದರು.

ಅಂಗಿಗಳ ಮುಂದೆ ಕಲಿತದ್ದೆಲ್ಲ ಮರೆತುಹೋಯಿತು. "ನಮ್ಮ ಮನೆಯವರು ನನಗೆ ಒಂದು ಮಾತು ಹೇಳಬೇಕು. ಆ ಬೆರಳುಗಳಿಗೆ ಏನರ್ಥ?" ಅಂದೆ. ನನ್ನ ಮಟ್ಟಿಗೆ ಕೂಗಿದೆ. ಮುಂದಿನ ಎರಡು ಬೆಂಚಿನವರು ವೇದಿಕೆ ಕಡೆ ತಿರುಗಿದರು. ಅವರನ್ನು ನೋಡಿ ಉಳಿದವರೂ ತಿರುಗಿದರು.

ಇವರ ಮುಖ ನೀನು ನೋಡಬೇಕಿತ್ತು. ಹೆಂಡತಿ ಸಾಕ್ಷಿ ಹೇಳುತ್ತಿದ್ದಾಳೆ ಎಂದು ದೀಪ ಹಚ್ಚಿದ ಹಾಗೆ ಬೆಳಗಿತ್ತು. ಎದೆಯ ಮೇಲೆ ಕೈ ಇಟ್ಟುಕೊಂಡು, ಚಾವಣಿ ಅದುರುವ ಹಾಗೆ "ಆಮೆನ್! ಸ್ತೋತ್ರ!" ಅಂದರು.

ಹಿಂದಿನ ಬೆಂಚಿನವರಿಗೂ ನನ್ನ ಮಾತು ಕೇಳಿರಲಿಲ್ಲ ತಾನೆ. ಅವರೆಲ್ಲ ಒಟ್ಟಾಗಿ "ಆಮೆನ್" ಅಂದರು. ಡ್ರಮ್ಸಿನವನು ಸಂತೋಷಕ್ಕೆ ಒಂದು ಸುತ್ತು ಬಾರಿಸಿದ. ಅಕ್ಕ, ನನ್ನ ಜೀವನದ ಅತಿ ದೊಡ್ಡ ಪ್ರಶ್ನೆಗೆ ಇಡೀ ಸಭೆ ಆಮೆನ್ ಅಂದಿತು. ನಾನು ಕೂತೆ.

ನರ್ಸಮ್ಮ ಮಾತ್ರ ಆಮೆನ್ ಅನ್ನಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಆರಾಧನೆ ಮುಗಿದ ಮೇಲೆ ಪಕ್ಕದ ಬಾಗಿಲ ಮೆಟ್ಟಿಲ ಹತ್ತಿರ ನಮ್ಮಿಬ್ಬರನ್ನೂ ನಿಲ್ಲಿಸಿದರು.

"ಬ್ರದರ್, ಸಿಸ್ಟರ್ ಏನು ಕೇಳಿದ್ರು ಅಂತ ಗೊತ್ತಾಯ್ತಾ ನಿಮಗೆ?"

"ಸಾಕ್ಷಿ ಹೇಳಿದ್ಲಲ್ಲ. ಹೋದ ವಾರ ಮಗೂಗೆ ಜ್ವರ ಬಂದು ಬಿಟ್ಟಿತ್ತಲ್ಲ, ಅದನ್ನ."

"ಜ್ವರ ಅಲ್ಲ. ಈಗ ನೀವು ಹೇಳ್ತೀರೋ, ನಾನು ಹೇಳ್ಲೋ? ಇನ್ನು ಮುಚ್ಚಿಟ್ರೆ ನಾನು ಬೆರಳು ತೋರ್ಸಲ್ಲ, ನೋಡಿ."

ಗುಂಡಿ ನನ್ನ ಸೆರಗು ಎಳೆದು ಹೇಳಿದಳು: "ಅಮ್ಮಾ, ಅಪ್ಪಂಗೆ ಈ ಕಡೆ ಕಿವಿ ಕೇಳ್ಸಲ್ಲ. ಆ ಕಡೆ ಬಂದು ಹೇಳು."

ಯಂತ್ರದ ಪಕ್ಕ ನಿಂತು ನಿಂತು ಎಡಗಿವಿ ಪೂರ್ತಿ ಹೋಗಿದೆಯಂತೆ. ಬಲಗಿವಿ ಅರ್ಧ ಇದೆ. ಅಭ್ಯಾಸದಲ್ಲಿ ಎಲ್ಲರೂ ಹಾಡು ನಿಲ್ಲಿಸಿದ ಮೇಲೂ ಇವರೊಬ್ಬರೇ ನುಡಿಸುತ್ತಿದ್ದರಂತೆ, ಅದರಿಂದ ನರ್ಸಮ್ಮನಿಗೆ ಗೊತ್ತಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದ್ದಾರೆ. ಬೆರಳುಗಳು ತಂಡಕ್ಕೆಲ್ಲ ಹಳೆಯ ರೂಢಿಯಂತೆ. ಎರಡು ಬೆರಳೆಂದರೆ ಎರಡನೆಯ ಚರಣ, ಮುಷ್ಟಿಯೆಂದರೆ ನಿಲ್ಲಿಸು, ಕಿರುಬೆರಳೆಂದರೆ ಕೊನೆಯ ಸಾಲು ಇನ್ನೊಮ್ಮೆ. ಮೇಷ್ಟರೂ ತೋರಿಸುತ್ತಿದ್ದರಂತೆ. ಬೇರೆಯವರು ಅರ್ಧ ನೋಡಿ, ಅರ್ಧ ಕೇಳಿ ನುಡಿಸುತ್ತಾರೆ, ಇವರು ಪೂರ್ತಿ ನೋಡಿಯೇ ನುಡಿಸಬೇಕು. ಓಲೆ ಮುಟ್ಟುವುದು ಮಾತ್ರ ಇವರೊಬ್ಬರಿಗಾಗಿ ಮಾಡಿಕೊಂಡದ್ದು. 'ಜೋರಾಯಿತು, ತಗ್ಗಿಸು' ಎಂದರ್ಥ. ಬೂಟು ಬಿಚ್ಚುವುದು ಹಲಗೆಯ ಮೇಲೆ ಡ್ರಮ್ಸಿನ ಹೊಡೆತ ಅಂಗಾಲಿಗೆ ತಿಳಿಯಲಿ ಎಂದು. ಆ ತುದಿಗೆ ಹೋದದ್ದು ಆಕೆ ಬಲಗಡೆಗೆ ಬರಲಿ ಎಂದು.

ಮುಖ ತಿರುಗಿಸುತ್ತಿದ್ದದ್ದು ಗೋಡೆ ನೋಡಲು ಅಲ್ಲ ಅಕ್ಕ. ನನಗೆ ಬಲಗಿವಿ ಕೊಡುತ್ತಿದ್ದರು.

"ಎಲ್ರಿಗೂ ಹೇಳಿದ್ರಿ, ನನಗೆ ಯಾಕೆ ಹೇಳ್ಲಿಲ್ಲ?" ಅಂದೆ. ಬಲಗಡೆಗೆ ಹೋಗಿ ನಿಂತು ಕೇಳಿದೆ.

"ನಿನ್ನ ದನಿ ಮೊದ್ಲೇ ಮೆಲ್ಲಗೆ. ಜೋರಾಗಿ ಮಾತಾಡು ಅಂದ್ರೆ ನೀನು ಮಾತೇ ಬಿಟ್ಬಿಡ್ತೀಯ. ನಂಗೊತ್ತು. ಅದಕ್ಕೆ ಸಿಕ್ಕಷ್ಟು ಕೇಳಿಸ್ಕೊಳ್ತಾ ಇದ್ದೆ. ಸಿಗದೇ ಇದ್ದದ್ದಕ್ಕೆ ಹೂಂ ಅಂತಿದ್ದೆ" ಅಂದರು.

ಮನೆಗೆ ಬಂದು ಅತ್ತೆಗೆ ಹೇಳಿದೆವು. ಅತ್ತೆ ತರಕಾರಿ ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟರು. ತೀರಿಹೋದ ಮಾವನೂ ಅದೇ ಮುದ್ರಣಾಲಯದಲ್ಲಿ ದುಡಿದವರು. "ಹಂಗಾದ್ರೆ ಅವರಿಗೂ... ನಾನು ಬಯ್ದದ್ದೆಲ್ಲ ಕೇಳಿಸ್ಕೊಂಡು ಸುಮ್ನಿದಾರೆ, ಎಂಥಾ ತಾಳ್ಮೆ ಅನ್ಕೊಂಡಿದ್ದೆ" ಅಂದರು. ಆಮೇಲೆ "ನಲವತ್ತು ವರ್ಷದ ಬೈಗುಳ ದಂಡವಾಯ್ತಲ್ಲೇ" ಅಂತ ನಕ್ಕರು. ನಕ್ಕು ಮುಗಿಯುವಷ್ಟರಲ್ಲಿ ಅಳುತ್ತಿದ್ದರು. ಅವರ ದನಿ ಮೆತ್ತಗಾದದ್ದು ಅದಕ್ಕೆ.

ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀಯ. ನನಗೆ ಸಿಟ್ಟು ಇಳಿದಿರಲಿಲ್ಲ. ಈಗಲೂ ಪೂರ್ತಿ ಇಳಿದಿಲ್ಲ. ತಂಡಕ್ಕೆ ಗೊತ್ತಿತ್ತು, ಐದು ವರ್ಷದ ಮಗುವಿಗೆ ಗೊತ್ತಿತ್ತು. ದಿನಾ ಒಂದೇ ದಿಂಬಿನ ಹತ್ತಿರ ಮಲಗುವವಳಿಗೆ ಗೊತ್ತಿರಲಿಲ್ಲ. ನರ್ಸಮ್ಮ ಒಳ್ಳೆಯವರು ಎಂದು ಮನಸ್ಸು ಹೇಳುತ್ತದೆ. ಆದರೂ ಭಾನುವಾರ ಆಕೆ ಓಲೆ ಮುಟ್ಟಿದರೆ ನಾನು ಮೊದಲು ಇವರ ಮುಖ ನೋಡುತ್ತೇನೆ. ಕಣ್ಣಿಗೆ ಒಂದು ಸಲ ಅನುಮಾನ ಕಲಿಸಿದರೆ ಅದು ಬೇಗ ಮರೆಯುವುದಿಲ್ಲ. ಹೋದ ವಾರ ಇವರು ಯಾವುದಕ್ಕೋ "ಹೂಂ" ಅಂದಾಗ, ಇದು ಕೇಳಿಸದ ಹೂಂ ಇರಬಹುದೋ ಕೇಳಿಸಿದ ಹೂಂ ಇರಬಹುದೋ ಎಂದು ಅರ್ಧ ದಿನ ಯೋಚಿಸಿದೆ.

ಚೀಲ ಬಿಚ್ಚಿದೆ. ಕತ್ತರಿ ಬೇಕಾಗಿತ್ತು.

ಭಾವನ ವಿಷಯ ಓದಿದೆ. ಇಷ್ಟು ತಿಂಗಳು ಒಬ್ಬಳೇ ಆ ಕೋಣೆಯಲ್ಲಿ ಕೂತು ನನ್ನ ನಮಸ್ಕಾರಗಳನ್ನು ಓದಿದೆಯಲ್ಲ. ನೀನು ಇಲ್ಲಿಗೆ ಬಾ. ಜಾಗ ಇಲ್ಲ, ಆದರೂ ಬಾ. ಅತ್ತೆಗೆ ಬೈಯಲು ಕಿವಿ ಸರಿಯಿರುವವರು ಒಬ್ಬರು ಬೇಕಂತೆ, ಅವರೇ ಹೇಳಿ ಕಳಿಸಿದ್ದಾರೆ.

ಇವತ್ತು ಬೆಳಿಗ್ಗೆ ಇವರು ಊಟದ ಡಬ್ಬಿ ಮರೆತು ಹೊರಟರು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಬೀದಿಯ ತಿರುವಿನ ಹತ್ತಿರ ಹೋಗಿದ್ದರು. "ರೀ" ಅಂದೆ. ಎದುರು ಮನೆಯ ನಾಯಿ ಮಾತ್ರ ತಲೆಯೆತ್ತಿತು. ಆಮೇಲೆ ಹೊಸ್ತಿಲು ದಾಟಿ, ಡಬ್ಬಿ ಎದೆಗೊತ್ತಿ ಹಿಡಿದು, ಹಾಲಿನವಳು ಪಾತ್ರೆ ಕೆಳಗಿಟ್ಟು ನೋಡುವ ಹಾಗೆ, ಬೀದಿಗೆಲ್ಲ ಕೇಳುವ ಹಾಗೆ "ರೀ!" ಎಂದು ಕೂಗಿದೆ. ಇವರು ತಿರುಗಿದರು.

ನಿನ್ನ ತಂಗಿ